ವೋಚರ್ ಎಲ್ಲಿ?

ಮಕ್ಕಳೇ, ನಾನು ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನಲ್ಲಿ ಗುಮಾಸ್ತಗಿರಿ. ಅಂಥವನು ಹೋದ ಭಾನುವಾರ ನಮ್ಮ ಮನೆ ಜಗಲಿಯಲ್ಲಿ ಎಐ ಪಾಠ ಮಾಡಬೇಕಾಯಿತು! ‘ತಾತ ಹೇಳಿಕೊಡ್ತಾರೆ’ ಎಂದು ಮೊಮ್ಮಗಳು ಗೆಳೆಯರನ್ನೆಲ್ಲ ಕರೆದುಬಿಟ್ಟಿದ್ದಳು.

ಆಟದಿಂದ ಶುರು ಮಾಡಿದೆ. ‘ಕೈ ಕೆಸರಾದರೆ...’ ಅಂದೆ. ‘ಬಾಯಿ ಮೊಸರು!’ ಎಂದು ಎಲ್ಲರೂ ಕೂಗಿದರು.

‘ಹೇಗೆ ಗೊತ್ತಾಯಿತು?’

‘ಎಷ್ಟೋ ಸಲ ಕೇಳಿದ್ದೇವಲ್ಲ!’

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲರ ಬಾಯಲ್ಲೂ ಇರುವ ಈ ಎಐ ಕೂಡ ಹೆಚ್ಚುಕಡಿಮೆ ಹೀಗೇ. ರಾಶಿ ರಾಶಿ ಬರಹಗಳಿಂದ ಯಾವ ಮಾತಿನ ನಂತರ ಯಾವುದು ಬರುತ್ತದೆಂದು ಕಲಿತು, ಮುಂದಿನದನ್ನು ಊಹಿಸುತ್ತಾ ಹೋಗುತ್ತದೆ.

‘ಸರಿ, ನಮ್ಮ ಬೀದಿಯ ಬಾವಿ ತೋಡಿಸಿದ್ದು ಯಾರು?’ ಎಂದೆ. ಎಲ್ಲರೂ ಸುಮ್ಮನಾದರು. ಒಬ್ಬ ಹುಡುಗ ಮೊಬೈಲಿನ ಯಾವುದೋ ಆಪ್‌ನಲ್ಲಿ ಕೇಳಿದ. ಪಾಳೇಗಾರನೊಬ್ಬನ ಹೆಸರು ಇಸವಿ ಸಮೇತ ಬಂತು!

ಒಳಗಿನಿಂದ ನಮ್ಮ ಮನೆಯಾಕೆ, ‘ಅಲ್ಲ ಕಣ್ರೋ, ನಮ್ಮ ಮಾವನವರೂ ಬೀದಿಯವರೂ ಸೇರಿ ತೋಡಿಸಿದ್ದು’ ಅಂದಳು.

‘ನಿಂಗೆ ಗೊತ್ತಿಲ್ಲ ಅಜ್ಜಿ, ಮೊಬೈಲಲ್ಲೇ ಇದೆ ನೋಡು’ ಅಂದಳು ಮೊಮ್ಮಗಳು. ಅಜ್ಜಿಯ ಮುಖ ಸಪ್ಪಗಾಯಿತು. ನನಗೂ ಚುರುಕ್ಕೆಂದಿತು. ಮೇಷ್ಟ್ರು ನಾನೇ ಅಲ್ಲವೇ?

ಅಜ್ಜಿ ಮಾತಾಡದೆ ಟ್ರಂಕಿನಿಂದ ನಮ್ಮಪ್ಪನ ಲೆಕ್ಕದ ಪುಸ್ತಕ ತಂದಿಟ್ಟಳು. ‘1952, ಬಾವಿ ಕೂಲಿ’ ಎಂದಿತ್ತು. ಕೆಳಗೆ ಹಣ ಕೊಟ್ಟವರ ಹೆಸರುಗಳು. ‘ನಮ್ಮ ಮುತ್ತಜ್ಜನ ಹೆಸರೂ ಇದೆ!’ ಎಂದು ಆ ಹುಡುಗ ಕುಣಿದ. ಮೊಮ್ಮಗಳು ‘ತಪ್ಪಾಯ್ತು ಅಜ್ಜಿ’ ಎಂದು ಸೆರಗು ಹಿಡಿದು ನಿಂತಳು.

ಆಗ ಹೇಳಿದೆ: ‘ಬ್ಯಾಂಕಿನಲ್ಲಿ ವೋಚರ್, ಅಂದರೆ ಸಾಕ್ಷಿಯ ಚೀಟಿ, ಇಲ್ಲದೆ ಲೆಡ್ಜರಿನಲ್ಲಿ ಒಂದು ರೂಪಾಯಿ ಬರೆಯುವ ಹಾಗಿರಲಿಲ್ಲ. ನಾನು ಬರೆದದ್ದನ್ನು ಇನ್ನೊಬ್ಬರು ತಾಳೆ ನೋಡಿ ಸಹಿ ಹಾಕುತ್ತಿದ್ದರು. ಅಕ್ಷರ ದುಂಡಗಿದೆ ಎಂದು ಯಾರೂ ಸಹಿ ಹಾಕುತ್ತಿರಲಿಲ್ಲ. ಎಐ ಅಕ್ಷರ ಬಲು ದುಂಡಗೆ. ಆದರೆ ಒಪ್ಪುವಂಥ ಮಾತೆಲ್ಲ ನಿಜವಾದ ಮಾತಲ್ಲ.’

‘ತಪ್ಪು ಹೇಳಿದ್ದಕ್ಕೆ ಎಐಗೆ ಬೇಜಾರಾಗುತ್ತಾ ತಾತ?’ ಎಂದಳು ಒಂದು ಪುಟಾಣಿ.

‘ನನಗೆ ಗೊತ್ತಿಲ್ಲ ಮರಿ’ ಅಂದೆ. ಮೇಷ್ಟ್ರ ಬಾಯಲ್ಲಿ ಆ ಮಾತು ಕೇಳಿ ಎಲ್ಲರೂ ನಕ್ಕರು.

ಅಜ್ಜ ಅಜ್ಜಿಯರೇ, ಎಐ ನಮಗೇನು ಗೊತ್ತು ಎಂದು ಹಿಂಜರಿಯಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದೂ ಪಾಠವೇ. ಮಕ್ಕಳೇ, ಈ ವಾರ ನಿಮ್ಮ ಬೀದಿಯ ಬಗ್ಗೆ ಒಂದು ಪ್ರಶ್ನೆಯನ್ನು ಎಐಗೂ ಕೇಳಿ, ಮನೆಯ ಹಿರಿಯರಿಗೂ ಕೇಳಿ. ಇಬ್ಬರ ಹತ್ತಿರವೂ ವೋಚರ್ ಕೇಳುವುದನ್ನು ಮಾತ್ರ ಮರೆಯಬೇಡಿ!