ಬಿಡಾರ ಹೂಡುವ ಮುನ್ನ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಆದರೆ ದೇಶ ಸುತ್ತುವವನು ರಾತ್ರಿ ಎಲ್ಲಿ ತಂಗಬೇಕೆಂಬುದನ್ನು ಅವರು ಹೇಳಿಹೋಗಲಿಲ್ಲ. ಅವರ ಕಾಲಕ್ಕೆ ಛತ್ರಗಳಿದ್ದವು, ನೆಂಟರ ಮನೆಯ ಜಗುಲಿಗಳಿದ್ದವು. ಅಡುಗೆಯ ಒಲೆ, ಮಲಗುವ ಮಂಚ, ಶೌಚದ ಕೋಣೆ ಎಲ್ಲವನ್ನೂ ಒಂದೇ ಮೋಟಾರು ಗಾಡಿಯಲ್ಲಿ ಹೇರಿಕೊಂಡು ಹೊರಡುವ ಇಂದಿನ ಪ್ರವಾಸಿಗೆ, ತಾನು ನಿಂತದ್ದೇ ಮನೆ ಎಂಬ ಭ್ರಮೆ ಹುಟ್ಟುವುದು ಸಹಜ. ನನಗೂ ಹುಟ್ಟಿತ್ತು. ಅದು ಹೇಗೆ ಬಿಟ್ಟಿತೆಂಬುದನ್ನೂ, ಅದರಿಂದ ನಾನು ತಳೆದ ಅಭಿಪ್ರಾಯವನ್ನೂ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ದಕ್ಷಿಣ ಆಸ್ಟ್ರೇಲಿಯದ ಅಡಿಲೇಡ್ ನಗರದಿಂದ ಈಶಾನ್ಯಕ್ಕೆ ಸುಮಾರು 250 ಕಿಲೋಮೀಟರು ಹೋದರೆ ರಿವರ್‌ಲ್ಯಾಂಡ್ ಎಂಬ ಸೀಮೆ ಇದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 250 ಮಿಲಿಮೀಟರು. ಅದು ಬೆಂಗಳೂರಿನ ಮಳೆಯ ಮೂರನೆಯ ಒಂದು ಪಾಲೂ ಆಗದು. ಆದರೂ ಆಸ್ಟ್ರೇಲಿಯದಲ್ಲಿ ವೈನಿಗಾಗಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಸೀಮೆ ಇದೇ. ಇದು ಮರ್ರೆ ನದಿಯ ಪ್ರಸಾದ. ಚ್ಯಾಫಿ ಸಹೋದರರು 1887ರಲ್ಲಿ ಒಪ್ಪಂದ ಮಾಡಿಕೊಂಡು, ರೆನ್‌ಮಾರ್ಕ್ ಎಂಬಲ್ಲಿ ನದಿಯ ನೀರನ್ನು ಯಂತ್ರಗಳಿಂದ ಮೇಲೆತ್ತಿ ತೋಟಗಳನ್ನು ಮಾಡಿಸಿದರು. ಕ್ಯಾಲಿಫೋರ್ನಿಯದಲ್ಲಿ ಈ ಸಹೋದರರ ಕೆಲಸವನ್ನು 1885ರಲ್ಲಿ ಕಂಡು ಮೆಚ್ಚಿದವನು ಆಲ್‌ಫ್ರೆಡ್ ಡೀಕಿನ್. ಮುಂದೆ ಆಸ್ಟ್ರೇಲಿಯದ ಪ್ರಧಾನಿಯಾದ ಈತ ನಮ್ಮ ದೇಶಕ್ಕೂ ಬಂದು ಇಲ್ಲಿನ ನೀರಾವರಿಯನ್ನು ನೋಡಿ, 1893ರಲ್ಲಿ 'ಇರಿಗೇಟೆಡ್ ಇಂಡಿಯ' ಎಂಬ ಪುಸ್ತಕವನ್ನೇ ಬರೆದನು.

ಇಷ್ಟನ್ನು ಹೇಳಲು ಕಾರಣವಿದೆ. ಅಲ್ಲಿಯ ಹಸಿರು ಮನುಷ್ಯನು ಲೆಕ್ಕವಿಟ್ಟು ಹರಿಸಿದ ನೀರಿನ ಹಸಿರು. ತೋಟದ ಬೇಲಿ ದಾಟಿ ಹತ್ತು ಹೆಜ್ಜೆ ಇಟ್ಟರೆ ಕೆಂಪು ಮಣ್ಣು, ಬೂದುಬಣ್ಣದ ಕುರುಚಲು ಕಾಡು. ದ್ರಾಕ್ಷಿಯ ಸಾಲುಗಳನ್ನು ನೋಡಿ ಇದು ತಂಪು ನಾಡೆಂದು ಬಗೆದವನು ಮೋಸಹೋಗುತ್ತಾನೆ. ಮೋಸಹೋದವರಲ್ಲಿ ನಾನೂ ಒಬ್ಬ.

ಅಡಿಲೇಡಿನಲ್ಲಿರುವ ನನ್ನ ಅಕ್ಕನ ಬಾಣಂತನಕ್ಕೆಂದು ಹೋಗಿದ್ದ ಅಮ್ಮನನ್ನು ಕರೆತರಲು ಭಾವ ನನಗೆ ಟಿಕೆಟು ಕಳುಹಿಸಿದ್ದರು. ಜನವರಿ ತಿಂಗಳು, ಅಲ್ಲಿ ಅದು ಕಡುಬೇಸಗೆ. ಮರಳುವ ಮುನ್ನ ಮೂರು ದಿನದ ಮಟ್ಟಿಗೆ ಮನೆಗಾಡಿಯೊಂದನ್ನು ಬಾಡಿಗೆಗೆ ಹಿಡಿದು ಎಲ್ಲರೂ ನದೀತೀರಕ್ಕೆ ಹೊರಟೆವು. ಬಿಡಾರಕ್ಕೆ ಎರಡು ಎಡೆಗಳಿದ್ದವು. ಒಂದು, ಊರಂಚಿನ ಎತ್ತರದ ದಂಡೆಯ ಮೇಲೆ ವಿದ್ಯುತ್ತು, ನೀರು, ಸ್ನಾನದ ಮನೆಗಳಿದ್ದ ತಂಗುದಾಣ, ಬಾಡಿಗೆ ಹೆಚ್ಚು. ಇನ್ನೊಂದು, ಕಾಡಿನ ನಡುವೆ ನದಿ ಬಳಸಿ ಹರಿಯುವ ತಿರುವು. ಬಾಡಿಗೆ ಅಲ್ಪ, ಸೌಕರ್ಯ ಸೊನ್ನೆ, ನೋಟ ಮಾತ್ರ ಸ್ವರ್ಗ. ಅಕ್ಕ ಮೊದಲನೆಯದನ್ನೇ ಹಿಡಿದಳು. "ನದಿ ನೋಡಲು ಬಂದು ಊರೊಳಗೆ ಮಲಗುವುದೇ ಭಾವ? ಅದಕ್ಕೆ ಮನೆಯಲ್ಲೇ ಇರಬಹುದಿತ್ತಲ್ಲ!" ಎಂದು ನಾನು ವಾದಿಸಿದೆ. ಚರ್ಚಾಸ್ಪರ್ಧೆಯ ಅಭ್ಯಾಸ ಕೈಕೊಡಲಿಲ್ಲ. ನಾನು ಗೆದ್ದೆ.

ಗೆಲುವು ಮಧ್ಯಾಹ್ನದವರೆಗೂ ಬಾಳಲಿಲ್ಲ. ಗಾಡಿಯನ್ನು ಒಂದು ಭಾರಿ ರೆಡ್ ಗಮ್ ಮರದ ಕೆಳಗೆ ನಿಲ್ಲಿಸಿದ್ದೆವು. ಅದು ನಾವು ನೀಲಗಿರಿ ಎನ್ನುವ ಮರಗಳ ಕುಲದ್ದೇ. ಪಕ್ಕದ ಬಿಡಾರದ ವೃದ್ಧರೊಬ್ಬರು ಬಂದು, ಈ ಮರ ಗಾಳಿಯಿಲ್ಲದ ದಿನವೂ ಸುಳಿವು ಕೊಡದೆ ತೊಲೆಯಂಥ ಕೊಂಬೆಯನ್ನು ಕೆಡವುತ್ತದೆ, ಇದರ ಕೆಳಗೆ ಯಾರೂ ಮಲಗಬಾರದು ಎಂದರು. ಗಾಡಿಯನ್ನು ಬಯಲಿಗೆ ತಂದೆವು. ಬಿಸಿಲು 43 ಡಿಗ್ರಿ. ವಿದ್ಯುತ್ತಿಲ್ಲದ ಕಾರಣ ತಂಪುಗಾಳಿಯ ಯಂತ್ರ ನಡೆಯದು. ಗ್ಯಾಸಿನಿಂದ ನಡೆಯುವ ಫ್ರಿಜ್ಜು ಆ ಬೇಗೆಗೆ ಸೋತಿತು. ಅದರೊಳಗೆ ಅಮ್ಮನ ಇನ್ಸುಲಿನ್ ಇತ್ತು. ಇನ್ನೂ ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕೆಂದು ವೈದ್ಯರ ಆದೇಶ. ಫ್ರಿಜ್ಜಿನ ಮಾಪಕ 19 ತೋರಿಸುತ್ತಿತ್ತು. ಮಗು ಅತ್ತು ಅತ್ತು ದಣಿದಿತ್ತು. ಅಮ್ಮ ಒಂದು ಮಾತೂ ಆಡದೆ, ಸೀಸೆಗಳನ್ನು ಡಬ್ಬಿಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿ, ಹೂಜಿಗೆ ಮಾಡುವಂತೆ ಗಳಿಗೆಗೊಮ್ಮೆ ನೀರು ಚಿಮುಕಿಸುತ್ತ ಕುಳಿತರು. ನಾನು ತಲೆ ತಗ್ಗಿಸಿದ್ದನ್ನು ಕಂಡು, "ಊರಿಗೇ ಹೋಗೋಣ ಕಣಪ್ಪ. ನದಿ ನಾಳೆಯೂ ಇಲ್ಲೇ ಇರುತ್ತೆ" ಎಂದರು. ಮುಸ್ಸಂಜೆಯಾದರೆ ಕಾಂಗರೂಗಳು ರಸ್ತೆಗೆ ಹಾರುತ್ತವೆಂದು, ಬಿಸಿಲಿರುವಾಗಲೇ ಭಾವ ಗಾಡಿ ತಿರುಗಿಸಿದರು.

ಈಗ ನನ್ನ ಅಭಿಪ್ರಾಯ. ಬಿಡಾರದ ಎಡೆಯನ್ನು ಆರಿಸುವ ಹಕ್ಕು ಗುಂಪಿನಲ್ಲಿ ಚೆನ್ನಾಗಿ ಮಾತನಾಡುವವನದಲ್ಲ. ಗುಂಪಿನಲ್ಲಿ ಅತ್ಯಂತ ಅಶಕ್ತರಾದವರದು. ಅವರು ಬಾಯಿಬಿಟ್ಟು ಕೇಳುವುದಿಲ್ಲ. ಆದ್ದರಿಂದ ಅವರ ಪರವಾಗಿ ಉಳಿದವರು ಕೇಳಬೇಕು. ನೆರಳು ಯಾವುದರದು? ವಿದ್ಯುತ್ತು ಇದೆಯೆ? ಔಷಧಿಯಂಗಡಿ ಎಷ್ಟು ದೂರ? ನೆಲ ನದಿಗಿಂತ ಎಷ್ಟು ಎತ್ತರ? ಈ ಕೊನೆಯ ಪ್ರಶ್ನೆ ಒಣನಾಡಿನಲ್ಲಿ ನಗೆಗೀಡಾಗಬಹುದು. ಆದರೆ ಮರ್ರೆಯ ಪ್ರವಾಹ ದೂರದ ರಾಜ್ಯಗಳಲ್ಲಿ ಸುರಿದ ಮಳೆಯಿಂದ ವಾರಗಟ್ಟಲೆ ಹರಿದು ಬರುತ್ತದೆ. ತಲೆಯ ಮೇಲಿನ ಆಕಾಶ ಶುಭ್ರವಾಗಿರುವಾಗಲೇ ದಂಡೆ ಮುಳುಗುತ್ತದೆ. 2022ರ ಡಿಸೆಂಬರಿನಲ್ಲಿ ರೆನ್‌ಮಾರ್ಕಿಗೆ ಬಂದ ನೆರೆ 1956ರ ತರುವಾಯ ಕಂಡ ಅತಿ ದೊಡ್ಡ ನೆರೆ.

ಹಣವಿದ್ದವರ ಮಾತು ಇದು, ಬಡವಿದ್ಯಾರ್ಥಿಗೆ ಬಯಲೇ ಗತಿ ಎಂದು ಕೆಲವರು ಆಕ್ಷೇಪಿಸಬಹುದು. ಸೌಕರ್ಯವನ್ನೇ ಹುಡುಕಿದರೆ ಪ್ರಕೃತಿಯ ಸಹವಾಸವೆಲ್ಲಿ ಎಂದು ಇನ್ನು ಕೆಲವರು ಕೇಳಬಹುದು. ಎರಡರಲ್ಲೂ ಸತ್ಯಾಂಶವಿದೆ. ಏಪ್ರಿಲ್, ಮೇ ತಿಂಗಳಲ್ಲಿ, ದ್ರಾಕ್ಷಿಯ ಕೊಯ್ಲು ಮುಗಿದು ಎಲೆ ಹಳದಿಯಾಗುವ ತಂಪು ಕಾಲದಲ್ಲಿ, ಗಟ್ಟಿಮುಟ್ಟಾದ ನಾಲ್ವರು ಗೆಳೆಯರಿಗೆ ಆ ನದಿಯ ತಿರುವಿಗಿಂತ ಉತ್ತಮ ಎಡೆ ಇಲ್ಲ. ಆಗಲೂ ಕೊಂಬೆಗಳಿಂದ ದೂರವಿರಬೇಕು. ಬೆಂಕಿ ನಿಷೇಧದ ದಿನ ಒಲೆ ಹೂಡಬಾರದು. ಗಾಡಿಯ ಕೊಳೆನೀರನ್ನು ಅದಕ್ಕೆಂದೇ ಮಾಡಿದ ಗುಂಡಿಯಲ್ಲದೆ ಬೇರೆಲ್ಲೂ ಚೆಲ್ಲಬಾರದು. ಊರೂರು ಕುಡಿಯುವುದು ಅದೇ ನದಿಯ ನೀರನ್ನು. ಹಾಗಾದರೆ ಎಡೆಯಲ್ಲಿ ದೋಷವಿರಲಿಲ್ಲ. ಕಾಲವನ್ನೂ ಜೊತೆಗಾರರನ್ನೂ ನೋಡದೆ ಆರಿಸಿದ ನನ್ನಲ್ಲಿತ್ತು.

ಮರುದಿನ ಬೆಳಗ್ಗೆ ಆರಕ್ಕೆ ಎಚ್ಚರವಾದಾಗ ಅಮ್ಮ ಗಾಡಿಯಲ್ಲಿರಲಿಲ್ಲ. ತಂಗುದಾಣದ ಮೆಟ್ಟಿಲಿಳಿದು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ನದಿಯ ದಡದಲ್ಲಿ ಕುಳಿತಿದ್ದರು. ಪೆಲಿಕನ್ ಹಕ್ಕಿಗಳು ನೀರಿನ ಮೇಲೆ ತೇಲುತ್ತಿದ್ದವು. ರಾತ್ರಿ ಭಾವ ಊರಿನ ಔಷಧಿಯಂಗಡಿಯಿಂದ ತಂದ ಹೊಸ ಸೀಸೆಗಳು ಫ್ರಿಜ್ಜಿನಲ್ಲಿ ತಣ್ಣಗಿದ್ದವು. ಅಮ್ಮ ಹೇಳಿದ್ದಂತೆ ನದಿ ಅಲ್ಲೇ ಇತ್ತು.

ಬರುವ ವರ್ಷ ನಮ್ಮ ಪ್ರವಾಸ ಸಮಿತಿಯಲ್ಲಿ ತಂಗುವ ಎಡೆಯ ಚರ್ಚೆ ಬಂದಾಗ ನಾನು ಗಟ್ಟಿಯಾಗಿ ವಾದಿಸುವುದಿಲ್ಲ. ಸುಮ್ಮನೆ ಕುಳಿತವರ ಬಳಿಗೆ ಹೋಗಿ ಮೊದಲು ಅವರನ್ನು ಕೇಳುತ್ತೇನೆ.