ಬಟ್ಟೆಯಲ್ಲಿ ಬಂದ ವಿಷ

ಪ್ರಯೋಗಾಲಯಕ್ಕೆ ಹೊಸದಾಗಿ ಬರುವ ಮಕ್ಕಳಿಗೆ ನಾನು ಮೊದಲು ಹೇಳುವ ಮಾತು, ಪ್ರನಾಳವನ್ನು ಮೂಗಿಗೆ ಹಿಡಿಯಬೇಡಿ ಎಂಬುದು. ಮಕ್ಕಳು ನಗುತ್ತಾರೆ. ಇಂಥ ಸರಳ ಪಾಠಗಳನ್ನೇ ಇಂದು ಹಲವು ದೇಶಗಳ ಪೊಲೀಸರು, ಅಗ್ನಿಶಾಮಕ ದಳದವರು, ವೈದ್ಯರು ಒಂದೆಡೆ ಸೇರಿ ಕಲಿಯುತ್ತಾರೆ. ಏಕೆಂದು ತಿಳಿಯಲು ಟೋಕಿಯೋದ ಒಂದು ಬೆಳಗನ್ನು ನೆನೆಯಬೇಕು.

1995ರ ಮಾರ್ಚ್ 20, ಸೋಮವಾರ. ಜನ ಕೆಲಸಕ್ಕೆ ಹೊರಟ ಹೊತ್ತು. ಓಂ ಶಿನ್ರಿಕ್ಯೋ ಎಂಬ ಪಂಥದವರು ಐದು ಸುರಂಗ ರೈಲುಗಳಲ್ಲಿ ಸಾರಿನ್ ತುಂಬಿದ ಚೀಲಗಳನ್ನು ಕೊಡೆಯ ತುದಿಯಿಂದ ಚುಚ್ಚಿ ಇಳಿದುಹೋದರು. ಸಾರಿನ್ ನರಗಳಿಗೆ ತಗಲುವ ವಿಷ. ನರ ಸ್ನಾಯುವಿಗೆ ಕಳಿಸಿದ ಸಂದೇಶವನ್ನು ಅಳಿಸುವ ಕಿಣ್ವವೊಂದು ನಮ್ಮ ದೇಹದಲ್ಲಿದೆ. ಸಾರಿನ್ ಅದನ್ನೇ ಕಟ್ಟಿಹಾಕುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಉಸಿರು ಕಟ್ಟುತ್ತದೆ. ನಮ್ಮ ಹೊಲಗಳಿಗೆ ಸಿಂಪಡಿಸುವ ಕೆಲವು ಕೀಟನಾಶಕಗಳೂ ಇದೇ ಬಳಗದವು. ಕೀಟನಾಶಕ ಕುಡಿದವರಿಗೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೊಡುವ ಅಟ್ರೋಪಿನ್ನೇ ಟೋಕಿಯೋದಲ್ಲೂ ಬೇಕಾಯಿತು.

ಆದರೆ ಅದು ಸಾರಿನ್ ಎಂದು ಗೊತ್ತಾಗಬೇಕಲ್ಲ! ಅಗ್ನಿಶಾಮಕ ದಳ ಮೊದಲು ಬೇರೊಂದು ರಾಸಾಯನಿಕದ ಹೆಸರು ಹೇಳಿತ್ತು. ಹಿಂದಿನ ವರ್ಷ ಮಾತ್ಸುಮೊಟೊ ಊರಿನಲ್ಲಿ ಇದೇ ಪಂಥ ಇದೇ ವಿಷ ಹರಡಿತ್ತು. ಅಲ್ಲಿನ ರೋಗಿಗಳನ್ನು ನೋಡಿದ್ದ ವೈದ್ಯರೊಬ್ಬರು ಟಿ.ವಿ. ಸುದ್ದಿ ಕಂಡು, ಲಕ್ಷಣಗಳನ್ನು ಗುರುತಿಸಿ, ಟೋಕಿಯೋದ ಆಸ್ಪತ್ರೆಗೆ ತಾವಾಗಿಯೇ ತಿಳಿಸಿದರು.

ಸೇಂಟ್ ಲ್ಯೂಕ್ಸ್ ಆಸ್ಪತ್ರೆಯೊಂದಕ್ಕೇ ಆ ದಿನ ಸುಮಾರು 640 ಜನ ಬಂದರು. ನಡೆದುಬಂದವರು, ಟ್ಯಾಕ್ಸಿಯಲ್ಲಿ ಬಂದವರೇ ಹೆಚ್ಚು. ಜಾಗ ಸಾಲದೆ ಪ್ರಾರ್ಥನಾ ಮಂದಿರದಲ್ಲೂ ಮಲಗಿಸಿದರು. ವಿಪತ್ತಿಗೆಂದು ಅಲ್ಲಿನ ಗೋಡೆಗಳಲ್ಲಿ ಆಮ್ಲಜನಕದ ವ್ಯವಸ್ಥೆಯೂ ಇತ್ತು. ಗಾಳಿಯಾಡುವುದು ಮಾತ್ರ ಕಡಿಮೆ. ರೋಗಿಗಳ ಬಟ್ಟೆಯಿಂದೆದ್ದ ಆವಿ ದಾದಿಯರನ್ನೂ ವೈದ್ಯರನ್ನೂ ಹಿಡಿಯಿತು. ಆಮೇಲೆ ವಿಚಾರಿಸಿದಾಗ, ಉತ್ತರಿಸಿದ ಸಿಬ್ಬಂದಿಯಲ್ಲಿ ನೂರಕ್ಕೆ 23 ಮಂದಿಗೆ ಲಕ್ಷಣಗಳು ಕಾಣಿಸಿಕೊಂಡಿದ್ದವು. ದಾಳಿಯಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಮಹಿಳೆಯೊಬ್ಬರು 2020ರಲ್ಲಿ ತೀರಿಕೊಂಡಾಗ ಸತ್ತವರ ಸಂಖ್ಯೆ 14 ಆಯಿತು.

1997ರಲ್ಲಿ ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ ಹುಟ್ಟಿತು. ಭಾರತವೂ ಮೊದಲಿನಿಂದ ಅದರ ಸದಸ್ಯ. ಅಸ್ತ್ರಗಳನ್ನು ನಾಶಮಾಡಿಸುವುದರ ಜೊತೆಗೆ ತರಬೇತಿ ಕೊಡುವುದೂ ಅದರ ಕೆಲಸ. 2023ರಲ್ಲಿ ಅದಕ್ಕಾಗಿ ಹೇಗ್ ಬಳಿ ಹೊಸ ಕೇಂದ್ರವನ್ನೇ ತೆರೆಯಿತು. ಗಾಳಿ ಬೀಸುವ ಕಡೆ ನಿಲ್ಲಬೇಕು, ರೋಗಿಯನ್ನು ಒಳಗೆ ಒಯ್ಯುವ ಮೊದಲು ಬಟ್ಟೆ ತೆಗೆಸಿ ಚೀಲದಲ್ಲಿ ಕಟ್ಟಬೇಕು, ಮೈ ತೊಳೆಯಬೇಕು. ಓದಿದರೆ ಎರಡು ನಿಮಿಷದ ಪಾಠ. ರಬ್ಬರಿನ ಉಡುಪು ತೊಟ್ಟು, ಬೆವರು ಸುರಿಸುತ್ತಾ, ನರಳುವವರ ನಡುವೆ ಮಾಡುವುದು ಬೇರೆ ಮಾತು.

ಸ್ಫೋಟಕದ ವಿಚಾರ ಇನ್ನೂ ಕಷ್ಟ. ವಿಶ್ವ ಸುಂಕ ಸಂಸ್ಥೆ 2010ರಲ್ಲಿ ಇಂಟರ್‌ಪೋಲ್ ಮತ್ತು ವಿಶ್ವಸಂಸ್ಥೆಯ ಜೊತೆಗೂಡಿ ಗ್ಲೋಬಲ್ ಶೀಲ್ಡ್ ಎಂಬ ಯೋಜನೆ ಆರಂಭಿಸಿತು. ಬಾಂಬಿಗೆ ದುರುಪಯೋಗವಾಗಬಲ್ಲ 14 ರಾಸಾಯನಿಕಗಳ ಸಾಗಣೆಯ ಮೇಲೆ ಕಣ್ಣಿಡಲು ಸುಂಕದ ಅಧಿಕಾರಿಗಳಿಗೆ ಕಲಿಸುವ ಯೋಜನೆ ಅದು. ಅವುಗಳಲ್ಲಿ ಅಮೋನಿಯಂ ನೈಟ್ರೇಟ್ ಗೊಬ್ಬರವೂ ಆಗುತ್ತದೆ, ಗಣಿಗೂ ಬೇಕು. ನಿಷೇಧಿಸಿದರೆ ರೈತ ಏನು ಮಾಡಬೇಕು? ಹಾಗಾಗಿ ಅಧಿಕಾರಿ ಮೂಟೆಗಿಂತ ಹೆಚ್ಚಾಗಿ ಕಾಗದಪತ್ರ ನೋಡಬೇಕು: ಕೊಂಡವನು ಯಾರು, ಅವನ ಕಸುಬೇನು, ಇಷ್ಟೊಂದು ಏಕೆ? ಉಡುಪು ತೊಡುವ ತರಬೇತಿಯ ಚಿತ್ರಗಳು ಪತ್ರಿಕೆಯಲ್ಲಿ ಬರುತ್ತವೆ, ಕಡತ ಓದುವವನ ಚಿತ್ರ ಬರುವುದಿಲ್ಲ. ನನಗಂತೂ ಈ ಎರಡನೆಯವನ ಪಾಠವೇ ದೊಡ್ಡದೆನಿಸುತ್ತದೆ.

ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗಿಯೊಬ್ಬಳು ಕೇಳಿದಳು: "ಬಟ್ಟೆ ಬಿಚ್ಚೋಕೆ ಯಾರಾದರೂ ನಾಚಿಕೊಂಡರೆ, ಸಾರ್?" ತರಬೇತಿಗಳಲ್ಲಿ ಅದಕ್ಕೂ ಉತ್ತರವಿದೆ: ಹೆಂಗಸರಿಗೆ, ಗಂಡಸರಿಗೆ ಬೇರೆಬೇರೆ ಡೇರೆ, ಹೊರಬಂದೊಡನೆ ಹೊದೆಯಲು ಒಂದು ಕಂಬಳಿ.