ಸೊಂಟದ ಪಿಸ್ತೂಲು, ಗುಡಿಯ ಲೆಕ್ಕ

ಮೆಕ್ಕೆಜೋಳ ತೆನೆ ಕಟ್ಟೈತಿ. ಹೊಳೆ ಕಡೆಯಿಂದ ಹಂದಿ ಏರಿ ಬರೋದು ಶುರುವಾಗಿ ಹದಿನೈದು ದಿನ ಆಯ್ತು. ರಾತ್ರಿಯೆಲ್ಲ ಅಟ್ಟಣಿಗೆ ಮೇಲೆ ಕೂತು ಡಬ್ಬ ಬಡಿಯೋದು, ಬ್ಯಾಟರಿ ಬಿಡೋದು. ಈ ಸಲ ಬೆಳೆ ವಿಷಯ ಇಷ್ಟಕ್ಕೇ ಸಾಕು. ಹೋದ ತಿಂಗಳು ನಮ್ಮ ಭಾಗದ ಒಂದು ಗುಡಿಯಲ್ಲಿ ಆದದ್ದನ್ನು ಬರೀತೀನಿ. ಗುಡಿ ಯಾವುದು, ಮನುಷ್ಯ ಯಾರು ಅಂತ ಫೋನ್ ಮಾಡಿ ಕೇಳಬ್ಯಾಡ್ರಿ, ಹೇಳೋದಿಲ್ಲ.

ಗುಡಿ ಜಮೀನಿನ ಗುತ್ತಿಗೆ ಹಣದ ಲೆಕ್ಕ ಕೇಳೋಕೆ ಸಭೆ ಕರೆದಿದ್ದರು. ಮೂರು ವರ್ಷದ ಲೆಕ್ಕ. ಎಂಬತ್ತರ ಹತ್ತಿರದ ಒಬ್ಬ ಅಜ್ಜ, ಯಾರು ಎಷ್ಟು ಕಟ್ಟಿದ್ದಾರೆ ಅಂತ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ. ಎರಡು ಹೆಸರು ಓದಿದ, ಮೂರನೇದು ಓದಬೇಕು, ಅಷ್ಟರಲ್ಲಿ ಲೆಕ್ಕ ಕೊಡಬೇಕಾದ ಮನುಷ್ಯ ಬಂದ. ಬಂದವನೇ ದೇವರಿಗೆ ಅಡ್ಡಬಿದ್ದ. ಅಂಗಿ ಮೇಲೆ ಸರೀತು. ಸೊಂಟದಲ್ಲಿ ಪಿಸ್ತೂಲಿನ ಕರೀ ಹಿಡಿಕೆ ಎಲ್ಲರಿಗೂ ಕಾಣಿಸ್ತು. ಎದ್ದು ಅಂಗಿ ಕೆಳಗೆ ಎಳಕೊಂಡು, ಕಂಬಕ್ಕೆ ಒರಗಿ ಕೂತು, ನಗುನಗುತ್ತಾ ‘ಹೇಳ್ರಿ ಅಜ್ಜಾರ’ ಅಂದ.

ಅಜ್ಜ ಚೀಟಿ ಮಡಚಿ ಜೇಬಿಗೆ ಇಟ್ಟುಕೊಂಡ.

ಯಾರೂ ಬೈಲಿಲ್ಲ, ಯಾರೂ ಹೆದರಿಸಲಿಲ್ಲ. ಐದು ನಿಮಿಷದಲ್ಲಿ ‘ಲೆಕ್ಕ ಸರಿ ಐತಿ’ ಅಂತ ಸಭೆ ಮುಗೀತು. ಸರಿ ಐತಿ ಅಂದವರಲ್ಲಿ ನಾನೂ ಒಬ್ಬ. ಆ ಮಾತು ಅಂದ ಮೇಲೆ ನನಗೆ ಸರಿಯಾಗಿ ನಿದ್ದೆ ಬಿದ್ದಿಲ್ಲ, ಅದಕ್ಕೆ ಹಂದಿ ಮಾತ್ರ ಕಾರಣ ಅಲ್ಲ.

ಹೊರಗೆ ಬಂದ ಮೇಲೆ ‘ಗುಡಿಗೆ ಯಾಕಪಾ ತಂದಿ ಅದನ್ನ?’ ಅಂತ ಕೇಳಿದೆ. ‘ಲೈಸೆನ್ಸ್ ಐತಣ್ಣ. ಕಾಣದಂಗ ಇಟ್ಕಂಡೀನಲ್ಲ, ಮತ್ತೇನು?’ ಅಂದ. ಅಲ್ಲೇ ನಿಂತಿದ್ದ ನಾಲ್ಕು ಹುಡುಗರು ಅವನನ್ನು ಸಿನಿಮಾ ಹೀರೋ ನೋಡಿದಂಗ ನೋಡ್ತಿದ್ದರು. ಒಬ್ಬ ಅಂತೂ ‘ನಮಗೂ ಒಂದು ಲೈಸೆನ್ಸ್ ಹೆಂಗ್ ಸಿಗತೈತಿ’ ಅಂತ ಅವತ್ತೇ ವಿಚಾರಿಸಿದ. ನಾನು ಬರೆಯೋಕೆ ಕೂತದ್ದು ಆ ಹುಡುಗನ ಸಲುವಾಗಿ.

ಮೊದಲು ಲೈಸೆನ್ಸ್ ಮಾತು. ನಮ್ಮ ಮನೆಯಲ್ಲೂ ಬೆಳೆ ರಕ್ಷಣೆಗೆ ಅಂತ ಅಪ್ಪನ ಕಾಲದ ಒಂಟಿನಳಿಗೆ ಕೇಪಿನ ಬಂದೂಕು ಐತಿ. 2024ರ ಲೋಕಸಭೆ ಚುನಾವಣೆಗೆ ಎಲ್ಲರ ಹಂಗ ನಾನೂ ಠಾಣೆಗೆ ಒಪ್ಪಿಸಿ ಬಂದಿದ್ದೆ. ಅದು ಕೈಯಲ್ಲಿ ಇದ್ದ ಮಾತ್ರಕ್ಕೆ ಹಂದಿ ಹೊಡೆಯೋ ಹಾಗೂ ಇಲ್ಲ, ಅರಣ್ಯ ಇಲಾಖೆ ಅನುಮತಿ ಬೇರೆ ಬೇಕು. ಲೈಸೆನ್ಸ್ ಪುಸ್ತಕದಲ್ಲಿ ಷರತ್ತು ಅಂತ ಇರ್ತಾವಲ್ಲ, ಯಾರೂ ಓದೋದಿಲ್ಲ. ಓದ್ರಿ. ಜಿಲ್ಲಾಧಿಕಾರಿಯ ವಿಶೇಷ ಅನುಮತಿ ಇಲ್ಲದೆ ಆಯುಧವನ್ನು ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಬೇರೆ ಯಾವುದೇ ಸಾರ್ವಜನಿಕ ಸಭೆಗೆ, ಶಾಲೆ ಕಾಲೇಜಿನ ಆವರಣದೊಳಕ್ಕೆ ಒಯ್ಯಬಾರದು ಅಂತ ಅಲ್ಲಿ ಐತಿ. ಊರವರೆಲ್ಲ ಕೂತ ಗುಡಿ ಸಭೆ ಸಾರ್ವಜನಿಕ ಸಭೆ ಅಲ್ಲದೆ ಇನ್ನೇನು?

‘ಮುಚ್ಚಿಟ್ಟುಕೋಬೇಕು ಅಂತ ಕಾನೂನೇ ಹೇಳೈತಿ’ ಅಂತಾರೆ. ಖರೇ. 2016ರ ಆಯುಧ ನಿಯಮದಲ್ಲಿ ಸಾರ್ವಜನಿಕ ಜಾಗದಲ್ಲಿ ಒಯ್ಯುವ ಬಂದೂಕು ಚೀಲದೊಳಗೆ, ಪೂರ್ತಿ ಮುಚ್ಚಿರಬೇಕು ಅಂತ ಐತಿ. ನಾಲ್ಕು ಜನ ಕಂಡು ಹೆದರಬಾರದು ಅಂತ ಆ ಮಾತು ಅಂತ ನಾನು ತಿಳಕೊಂಡೀನಿ. ಅದನ್ನು ತಿರುಗಿಸಿ, ಅರ್ಧ ಮುಚ್ಚಿ ಅರ್ಧ ತೋರಿಸಿ ಹೆದರಿಸೋಕೆ ಬಳಸಿದರೆ ಹೆಂಗೆ? ಅದೇ ನಿಯಮದಲ್ಲೇ ಮದುವೆ, ಜಾತ್ರೆಗಳಲ್ಲಿ ಝಳಪಿಸಿದರೆ, ಗುಂಡು ಹಾರಿಸಿದರೆ ಲೈಸೆನ್ಸ್ ರದ್ದು ಅಂತ ಐತಿ. 2019ರ ತಿದ್ದುಪಡಿ ಬಂದ ಮೇಲೆ ಸಂಭ್ರಮಕ್ಕೆ ಅಂತ ಜನರ ಜೀವಕ್ಕೆ ಅಪಾಯ ಆಗೋ ಹಂಗ ಗುಂಡು ಹಾರಿಸಿದವನಿಗೆ ಎರಡು ವರ್ಷದವರೆಗೆ ಜೈಲು, ಇಲ್ಲಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ.

ಇನ್ನೊಂದು ಮಾತು ಕೇಳಿಬರ್ತೈತಿ. ‘ನಮ್ಮ ದೇವರ ಕೈಯಲ್ಲೇ ಕತ್ತಿ ಐತಿ, ವರ್ಷಾ ಆಯುಧ ಪೂಜೆ ಮಾಡ್ತೀವಿ, ಗುಡಿಗೂ ಆಯುಧಕ್ಕೂ ಏನು ವೈರ?’ ವೈರ ಇಲ್ಲ ಮಾರಾಯಾ. ವೀರಭದ್ರನ ಖಡ್ಗ ಹಿಡಿದು ಪುರವಂತ ಕುಣಿಯುವಾಗ ಊರಿಗೆ ಊರೇ ನೋಡ್ತಿರ್ತದೆ. ಮೈಲಾರದ ಬಿಲ್ಲೂ ಹಂಗೇ, ಲಕ್ಷ ಜನರ ನಡುವೆ ನಿಲ್ಲಿಸ್ತಾರೆ. ಗೊರವಯ್ಯ ಅದನ್ನು ಏರಿ ‘ಸದ್ದಲೇ’ ಅಂದರೆ ಅಷ್ಟೂ ಜನ ಗಪ್ಪಾಗ್ತಾರೆ. ಅವತ್ತು ಆ ಅಜ್ಜನೂ ಗಪ್ಪಾದ. ಈ ಎರಡು ಗಪ್ಪಿಗೂ ಇರೋ ಫರಕು ಹುಡುಗರಿಗೆ ತಿಳೀಲಿಲ್ಲ ಅಂದ್ರೆ ನಾವು ಅವರನ್ನು ಜಾತ್ರೆಗೆ ಕರಕೊಂಡು ಹೋದದ್ದು ಬರೀ ಮಂಡಕ್ಕಿ ಮೆಣಸಿನಕಾಯಿ ತಿನ್ನಿಸೋಕೆ ಆಯ್ತು.

ಕೊಡಗಿನ ಕಥೆ ನೋಡ್ರಿ. ಅಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಐತಿ, ಬ್ರಿಟಿಷರ ಕಾಲದಿಂದ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸ್ತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡೀತು. ‘ಅವರಿಗೆ ಐತಿ, ನಮಗ್ಯಾಕಿಲ್ಲ’ ಅನ್ನೋರು ಇಷ್ಟೇ ಹೇಳಿ ನಿಲ್ಲಿಸ್ತಾರೆ. ಅವರು ಆ ಕೋವಿಯನ್ನು ಹೆಂಗೆ ಇಟ್ಟುಕೊಂಡಾರೆ ಅಂತ ನೋಡೋದಿಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ ತೊಳೆದು, ತೋಕ್ ಪೂ ಅಂದ್ರೆ ನಮ್ಮ ಗೌರಿ ಹೂವು ಮುಡಿಸಿ, ಮನೆಮಂದಿ ಎಲ್ಲರ ಮುಂದೆ ಇಟ್ಟು ಪೂಜೆ ಮಾಡ್ತಾರೆ. ಆಮೇಲೆ ಮಂದಿನಲ್ಲಿ ತೆಂಗಿನಕಾಯಿಗೆ ಗುರಿ ಇಡ್ತಾರೆ. ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಊರಿಗೆ ಸುದ್ದಿ ಮುಟ್ಟಲಿ ಅಂತ. ಆ ಉದ್ದನೆ ಕೋವಿಯನ್ನು ಅಂಗಿಯೊಳಗೆ ಬಚ್ಚಿಟ್ಟು ಲೆಕ್ಕದ ಸಭೆಗೆ ಬರೋಕಾಗೋದಿಲ್ಲ.

ಬಚ್ಚಿಟ್ಟುಕೊಂಡು ಪ್ರಾರ್ಥನೆಗೆ ಹೋದವನ ಕಥೆ ನಮ್ಮ ದೇಶಕ್ಕೆ ಚೆನ್ನಾಗಿ ಗೊತ್ತು. 1948ರ ಜನವರಿ 20ಕ್ಕೆ ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿ ಪ್ರಾರ್ಥನಾ ಸಭೆಯ ಹತ್ತಿರ ಬಾಂಬ್ ಸಿಡೀತು. ಬರೋ ಜನರನ್ನು ತಪಾಸಣೆ ಮಾಡ್ತೀವಿ ಅಂದರೆ, ಪ್ರಾರ್ಥನೆಗೆ ಬರೋರನ್ನು ಮುಟ್ಟಿ ನೋಡೋದು ಬ್ಯಾಡ ಅಂದರು ಅವರು. ಹತ್ತು ದಿನಕ್ಕೆ, ಜನವರಿ 30ಕ್ಕೆ, ಕೈ ಮುಗಿದು ಎದುರಿಗೆ ಬಂದವನ ಹತ್ತಿರ ಪಿಸ್ತೂಲು ಇತ್ತು. ಮೂರು ಗುಂಡು. ಗಾಂಧೀಜಿ ತಪಾಸಣೆ ಬ್ಯಾಡ ಅಂದದ್ದು ಅವರ ದೊಡ್ಡತನ. ನಾನು ಅಷ್ಟು ದೊಡ್ಡ ಮನುಷ್ಯ ಅಲ್ಲ. ಗುಡಿ ಬಾಗಿಲಲ್ಲಿ ಕೇಳಬೇಕು ಅನ್ನೋನು ನಾನು.

ಎದುರು ವಾದದಲ್ಲಿ ಗಟ್ಟಿ ಕಾಳು ಒಂದು ಐತಿ, ಅದನ್ನೂ ಹೇಳಿಬಿಡ್ತೀನಿ. ಅಮೆರಿಕದ ಟೆಕ್ಸಾಸಿನಲ್ಲಿ 2017ರ ನವೆಂಬರಿನಲ್ಲಿ ಒಂದು ಚರ್ಚಿಗೆ ನುಗ್ಗಿದವನು 26 ಜನರನ್ನು ಕೊಂದ. 2019ರಲ್ಲಿ ಅಲ್ಲಿ ಲೈಸೆನ್ಸ್ ಇದ್ದವರು ಚರ್ಚಿಗೆ ಬಂದೂಕು ತರೋದಕ್ಕೆ ಇದ್ದ ಅಡ್ಡಿ ತೆಗೆದರು. ಅದೇ ಡಿಸೆಂಬರ್ 29ಕ್ಕೆ ಅದೇ ರಾಜ್ಯದ ಇನ್ನೊಂದು ಚರ್ಚಿನಲ್ಲಿ ಒಬ್ಬ ಗುಂಡು ಹಾರಿಸಿದಾಗ, ಕಾವಲಿಗಿದ್ದ ಭಕ್ತನೊಬ್ಬ ಆರು ಸೆಕೆಂಡಿನಲ್ಲಿ ಅವನನ್ನು ಹೊಡೆದುರುಳಿಸಿದ. ಎಷ್ಟೋ ಜೀವ ಉಳಿದವು. ಇದು ಸುಳ್ಳಲ್ಲ. ಆದರೆ ಆ ಆರು ಸೆಕೆಂಡಿನೊಳಗೇ ಇಬ್ಬರು ಸತ್ತರು, ಅದರಲ್ಲಿ ಒಬ್ಬ ತನ್ನ ಬಂದೂಕಿಗೆ ಕೈ ಹಾಕಿದವನೇ. ಉರುಳಿಸಿದವನು ಬಂದೂಕು ತರಬೇತಿ ಕೊಡ್ತಿದ್ದ ಮನುಷ್ಯ. ಮನೆಮನೆಗೆ ಬಂದೂಕು ಇರೋ ದೇಶದ ಮದ್ದನ್ನು ನಮ್ಮ ಗುಡಿಗೆ ಯಾಕೆ ತರೋದು? ನಮ್ಮ ಗುಡಿಗಳಲ್ಲಿ ನಾನು ಕಂಡ ಜಗಳ ಎಲ್ಲಾ ಹುಂಡಿದು, ಜಮೀನಿಂದು, ಪಾಳಿದು. ಆ ಜಗಳಕ್ಕೆ ಪಿಸ್ತೂಲು ಬಂದರೆ ಯಾರ ಕಡೆ ಇರ್ತದೆ? ದುಡ್ಡು ತಿಂದವನ ಕಡೆ ಇರ್ತದೋ, ಚೀಟಿ ಹಿಡಿದ ಅಜ್ಜನ ಕಡೆ ಇರ್ತದೋ?

ಮನೆ ವಿಷಯಕ್ಕೆ ಬಂದರೆ ನನ್ನದೇ ತಪ್ಪು ಹೇಳಬೇಕು. ಎರಡು ವರ್ಷದ ಹಿಂದೆ ಇದೇ ಹಂಗಾಮಿನಲ್ಲಿ, ರಾತ್ರಿ ಕಾವಲು ಮುಗಿಸಿ ಬಂದು ಬಂದೂಕನ್ನು ಜೋಳದ ಚೀಲದ ಸಂದಿಗೆ ನಿಲ್ಲಿಸಿ ಮಲಗಿದೆ. ಮದ್ದು ತುಂಬಿತ್ತು. ಕೇಪು ತೆಗೆದಿರಲಿಲ್ಲ. ಕಣ್ಣು ಬಿಟ್ಟರೆ ಆರು ವರ್ಷದ ಮಗ ನಳಿಗೆಗೆ ಕಣ್ಣಿಟ್ಟು ಒಳಗೆ ನೋಡ್ತಿದ್ದ. ನಾನು ಕೂಗಲಿಲ್ಲ, ಕೂಗಿದರೆ ಬೆದರ್ತಾನೆ ಅಂತ. ತೆವಳಿಕೊಂಡು ಹೋಗಿ ಹಿಡಿಕೆ ಹಿಡಿದೆ. ಅವತ್ತಿನಿಂದ ಬಂದೂಕು ಕಪಾಟಿನಲ್ಲಿ, ಕೇಪು ಬೇರೆ ಡಬ್ಬಿಯಲ್ಲಿ, ಬೀಗದ ಕೈ ನನ್ನ ಉಡದಾರದಲ್ಲಿ. ಭದ್ರವಾಗಿ ಇಡ್ತೀನಿ ಅಂತ ನಾವು ಸರ್ಕಾರಕ್ಕೆ ಬರೆದುಕೊಟ್ಟಿರ್ತೀವಿ, ಮರೀತೀವಿ ಅಷ್ಟೇ.

‘ಬೀಗ ಹಾಕಿದರೆ ಕಳ್ಳ ಬಂದಾಗ ಉಪಯೋಗ ಏನು?’ ಅಂತ ಕೇಳಿದವರು ಇದ್ದಾರೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಮನೆಗೆ ಬಂದವರು ಗೋಡೆ ಹಾರಿ ಬರಲಿಲ್ಲ. ಬಾಗಿಲಿಗೆ ಬಂದು, ನೋಡಬೇಕಾಗಿತ್ತು ಅನ್ನೋರ ಹಂಗ ಬಂದರು. ಕಪಾಟಿನಲ್ಲಿ ಹತ್ತು ಬಂದೂಕು ಇದ್ದಿದ್ದರೂ ಏನಾಗ್ತಿತ್ತು? ಬಾಗಿಲಿಗೆ ಬಂದವರಿಗೆ ನಾವು ಮೊದಲು ನೀರು ಕೊಡ್ತೀವಿ, ಆಮೇಲೆ ಯಾವೂರು ಅಂತ ಕೇಳ್ತೀವಿ. ಸೊಂಟ ಮುಟ್ಟಿ ನೋಡಿ ನೀರು ಕೊಡೋ ಕಾಲ ಬಂದರೆ ಯಾರ ಮನೆಗೆ ಯಾರು ಹೋಗಬೇಕು? ನೆಂಟರ ಮನೆ ತೊಟ್ಟಿಲಿಗೆ, ಸೀಮಂತಕ್ಕೆ ಸೊಂಟದಲ್ಲಿ ಸಿಗಿಸಿಕೊಂಡು ಬರೋರಿಗೆ ಹೇಳ್ತೀನಿ: ನನ್ನ ಮನೆಗೆ ಬರೋದಾದರೆ ಅದನ್ನು ನಿಮ್ಮ ಮನೆ ಕಪಾಟಿನಲ್ಲಿ ಬೀಗ ಹಾಕಿ ಬರ್ರಿ. ಸಿಟ್ಟಾದರೆ ಆಗ್ರಿ.

ಮಹಾಲಯ ಅಮಾಸಿ ದಿನ ಆ ಗುಡಿಯಲ್ಲಿ ಮತ್ತೆ ಸಭೆ ಕೂಡಿಸೋಕೆ ನಾಲ್ಕು ಜನ ಒಪ್ಪಿದ್ದಾರೆ. ಚಪ್ಪಲಿ ಬಿಡೋ ಕಟ್ಟೆ ಹತ್ತಿರ ಇಬ್ಬರು ನಿಂತು, ಲೈಸೆನ್ಸಿನ ಷರತ್ತು ತೋರಿಸಿ, ಆಯುಧ ಇದ್ದವರನ್ನು ವಾಪಸ್ ಕಳಿಸಬೇಕು ಅಂತ ಮಾತಾಗಿದೆ. ಕೇಳದಿದ್ದರೆ ಠಾಣೆಗೆ ಫೋನು. ನಿಲ್ಲೋ ಇಬ್ಬರಲ್ಲಿ ಒಬ್ಬ ನಾನು, ಇನ್ನೊಬ್ಬರು ಬೇಕು. ಅಜ್ಜನ ಮನೆಗೆ ಮೊನ್ನೆ ಹೋಗಿದ್ದೆ. ಚೀಟಿ ಕೇಳಿದೆ. ದೇವರ ಜಗಲಿ ಮೇಲಿನ ಪುಸ್ತಕದೊಳಗಿಂದ ತೆಗೆದು ತೋರಿಸಿದ, ಕೊಡಲಿಲ್ಲ. ‘ನಾನೇ ಓದ್ತೀನಿ, ಮೂರನೇ ಹೆಸರಿನಿಂದ’ ಅಂದ.